ಬೀಗದ ಮನೆಯ ಹಸಿರು ದೀಪ

ಕಿಗ್ಗದಿಂದ ಸಿರಿಮನೆಗೆ ಹೋಗುವ ದಾರಿಯಲ್ಲಿ ಎಡಕ್ಕೆ ಇಳಿದರೆ ಗಂಟೆಕೊಡಿಗೆ ಸಿಗುತ್ತದೆ. ಹನ್ನೆರಡು ಮನೆಗಳ ಒಂದೇ ಸಾಲು. ಸಾಲಿನ ತಲೆಗೆ ಈಶ್ವರ ದೇವಸ್ಥಾನ, ಅದರ ಬೆನ್ನಿಗೆ ಹಳ್ಳ. ಏಳು ಮನೆಗಳಲ್ಲಿ ಒಲೆ ಉರಿಯುತ್ತದೆ, ಐದಕ್ಕೆ ಬೀಗ. ಬೀಗದ ಮನೆಯವರು ಶಿವಮೊಗ್ಗ, ಮಂಗಳೂರು, ಕೊಪ್ಪ ಎಂದು ಅಲ್ಲಲ್ಲಿ ಇದ್ದಾರೆ. ಶಿವರಾತ್ರಿಗೆ ಮಾತ್ರ ತಪ್ಪದೆ ಬರುತ್ತಾರೆ.

ಊರಿನಲ್ಲಿ ಒಂದು ಹಳೆಯ ಕಟ್ಟಳೆಯಿದೆ. ಹಳ್ಳದ ನೀರು ಹನ್ನೆರಡು ಮನೆಗೂ ಸರದಿಯಂತೆ ಸಲ್ಲಬೇಕು. ಬೀಗ ಬಿದ್ದ ಮನೆಯೆಂದು ಸರದಿ ತಪ್ಪುವುದಿಲ್ಲ. ಅವರ ದಿನ ಬಂದಾಗ ಪಕ್ಕದ ಮನೆಯವರೇ ಹೋಗಿ ಕಾಲುವೆಯ ಮಣ್ಣು ಸರಿಸಿ ಅವರ ಗಿಡಮರಗಳಿಗೆ ನೀರು ತಿರುಗಿಸಿ ಬರುತ್ತಾರೆ. ಅದನ್ನು ಉಪಕಾರವೆಂದು ಯಾರೂ ಎಣಿಸಿದ್ದಿಲ್ಲ, ಹೇಳಿಕೊಂಡದ್ದೂ ಇಲ್ಲ.

ಆ ನೀರು ದಾರಿಯಲ್ಲಿ ಇನ್ನೊಂದು ಕೆಲಸ ಮಾಡುತ್ತದೆ. ದೇವಸ್ಥಾನದ ಕೆಳಗಡೆ ಒಂದು ಪುಟ್ಟ ಯಂತ್ರವಿದೆ. ಮೇಲೆ ಹಳ್ಳಕ್ಕೆ ಅಡ್ಡ ಹಾಕಿದ ಕಟ್ಟದಿಂದ ಪೈಪಿನಲ್ಲಿ ಇಳಿದ ನೀರು ಅದರ ಚಕ್ರವನ್ನು ತಿರುಗಿಸಿ ಆಮೇಲೆ ಕೆಳಗಿನ ಜಮೀನುಗಳಿಗೆ ಹರಿಯುತ್ತದೆ. ಚಕ್ರದಿಂದ ಹುಟ್ಟಿದ ಕರೆಂಟು ಬ್ಯಾಟರಿಗೆ, ಬ್ಯಾಟರಿಯಿಂದ ದೇವಸ್ಥಾನಕ್ಕೆ. ಊರಿಗೆ ಕಂಬದ ಕರೆಂಟು ಬಂದು ಎಷ್ಟೋ ಕಾಲವಾದರೂ ದೇವಸ್ಥಾನಕ್ಕೆ ಅದನ್ನು ಎಳೆದಿಲ್ಲ. ಈಶ್ವರನಿಗೆ ಅವನ ಹಳ್ಳದ ಬೆಳಕೇ ಇರಲಿ ಎಂದು ಹಿರಿಯರು ಹೇಳಿದ್ದರು. ಗಾಳಿ ಬೀಸಿದರೆ ಎರಡು ದಿನ ಕಾಣದಂತಾಗುವ ಕಂಬದ ಕರೆಂಟನ್ನು ನೋಡಿದವರಿಗೆ ಆ ಮಾತು ಸರಿಯೆಂದೇ ತೋರುತ್ತಿತ್ತು.

ಹನ್ನೆರಡು ಮನೆಗಳಲ್ಲಿ ಹನ್ನೊಂದರ ಜಮೀನು ಯಂತ್ರದ ಕೆಳಗಿದೆ. ಶಾಂಭವಿಯದು ಮಾತ್ರ ಮೇಲೆ, ಕಟ್ಟದ ಆಚೆ ದಡದಲ್ಲಿ. ಗಂಡ ತೀರಿಕೊಂಡ ಮೇಲೆ ಅವಳೂ ಅತ್ತೆ ವೆಂಕಮ್ಮನೂ ಆ ಅರ್ಧ ಎಕರೆಯನ್ನೇ ನಂಬಿದವರು. ಮಳೆಗಾಲದಲ್ಲಿ ಅಲ್ಲಿ ಏನೂ ಏಳುವುದಿಲ್ಲ. ಚಳಿ ಹಿಡಿದ ಮೇಲೆ ಮೊಗೆಕಾಯಿ, ಅಲಸಂದೆ, ಚಪ್ಪರದ ಬಸಳೆ. ಕೊಪ್ಪದ ಎರಡು ಹೋಟೆಲಿನವರು ಅವಳ ಮೊಗೆಕಾಯಿಗೇ ಕಾಯುತ್ತಾರೆ. ಮಂಗಳವಾರ, ಶುಕ್ರವಾರ ಬೆಳಗಿನಿಂದ ಮಧ್ಯಾಹ್ನದವರೆಗೆ ಅವಳ ಸರದಿ. ಆ ಹೊತ್ತಿನಲ್ಲಿ ಹಳ್ಳದ ಮುಕ್ಕಾಲು ಪಾಲು ಅವಳ ಕಾಲುವೆಗೆ ತಿರುಗುತ್ತದೆ. ಯಂತ್ರದ ಚಕ್ರ ಮೆಲ್ಲಗಾಗುತ್ತದೆ. ಮೂವತ್ತು ವರ್ಷ ಇದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ.

ಈ ಸಲ ಮಳೆ ಕಡಿಮೆಯಾಗಿ ಹಳ್ಳ ಬೇಗ ಸೊರಗಿತು, ಮಾಘದಲ್ಲಿ ತೊಂದರೆಯಾಯಿತು.

ಬುಧವಾರ ಬೆಳಿಗ್ಗೆ ಪೂಜೆ ಮುಗಿದ ಮೇಲೆ ದೇವಸ್ಥಾನದ ಮೊಕ್ತೇಸರ ಪರಮೇಶ್ವರಯ್ಯ ಶಾಂಭವಿಯ ಜಗಲಿಗೆ ಬಂದು ಕುಳಿತರು. ಕೈಯಲ್ಲಿ ಪ್ರಸಾದದ ಬಾಳೆಲೆ ಇತ್ತು, ಮುಖದಲ್ಲಿ ಸಂಕೋಚ.

"ಇವತ್ತೂ ನಿಂತು ಹೋಯ್ತು ಶಾಂಭವಿ. ಸರಿಯಾಗಿ ಮಂಗಳಾರತಿ ಹೊತ್ತಿಗೆ."

ನಿಂತದ್ದು ಪೂಜೆಯಲ್ಲ, ದೂರದವರ ಫೋನಿಗೆ ಹೋಗುವ ಅದರ ಚಿತ್ರ. ಮೂರು ವರ್ಷದ ಹಿಂದೆ ಊರವರೆಲ್ಲ ಸೇರಿ ಇಂಟರ್ನೆಟ್ಟು ತರಿಸಿದ್ದರು. ದೇವಸ್ಥಾನದ ಉಗ್ರಾಣದಲ್ಲಿ ಒಂದು ನೆಟ್‌ವರ್ಕ್ ಸ್ವಿಚ್ಚು ಕೂತಿತು. ದೀಪ ಹಚ್ಚುವ, ಆರಿಸುವ ಸ್ವಿಚ್ಚಲ್ಲ; ಹೊರಗಿನಿಂದ ಬಂದದ್ದನ್ನು ಹನ್ನೆರಡು ತಂತಿಗಳಲ್ಲಿ ಹನ್ನೆರಡು ಮನೆಗೆ ಹಂಚುವ ಕಬ್ಬಿಣದ ಪೆಟ್ಟಿಗೆ. ಪ್ರತಿ ಮನೆಯ ಜಗಲಿಯಲ್ಲಿ ಅದರ ತಂತಿಯ ತುದಿಗೆ ಒಂದು ಬಿಳಿ ಡಬ್ಬಿ. ಅಂದಿನಿಂದ ಬೆಳಗಿನ ಪೂಜೆಯನ್ನು ಗಂಟೆಕೊಡಿಗೆಯ ದೂರದ ಮಕ್ಕಳೆಲ್ಲ ಫೋನಿನಲ್ಲಿ ನೋಡಿ ಕೈಮುಗಿದೇ ಕೆಲಸಕ್ಕೆ ಹೋಗುತ್ತಿದ್ದರು. ಈಗ ಬುಧವಾರ, ಶನಿವಾರ ಬೆಳಗಾಗುವಾಗ ಬ್ಯಾಟರಿ ಬರಿದಾಗಿ ಎಲ್ಲ ಕಪ್ಪಾಗುತ್ತಿತ್ತು.

"ಶಿವಮೊಗ್ಗದಿಂದ ಸತೀಶ ಫೋನು ಮಾಡಿದ್ದ," ಎಂದರು ಪರಮೇಶ್ವರಯ್ಯ. "ಕೊಪ್ಪದವರೂ ಕೇಳಿದ್ರು. ಎಲ್ಲರೂ ಲೆಕ್ಕ ಹಾಕಿ ನೋಡಿದಾರೆ. ಮಂಗಳವಾರ ನೀರು ನಿನ್ನ ಕಡೆ ತಿರುಗುತ್ತೆ, ಬುಧವಾರ ನಿಲ್ಲುತ್ತೆ. ಶುಕ್ರವಾರ ತಿರುಗುತ್ತೆ, ಶನಿವಾರ ನಿಲ್ಲುತ್ತೆ. ಭಾನುವಾರ ಪೂಜೆ ಆದಮೇಲೆ ಕೂತು ಮಾತಾಡುವ ಅಂತ. ಈ ಬೇಸಿಗೆ ಮಟ್ಟಿಗೆ ನಿನ್ನ ಸರದಿನ ದೇವರಿಗೆ ಬಿಟ್ಟು ಕೊಟ್ರೆ..."

ಶಾಂಭವಿ ಬಾಳೆಲೆಯನ್ನು ಎರಡು ಕೈಯಲ್ಲಿ ತೆಗೆದುಕೊಂಡಳು. "ಮೊಗೆಕಾಯಿ ಹೂ ಬಿಟ್ಟಿದೆ ಮಾವಯ್ಯ. ಈಗ ನೀರು ತಪ್ಪಿದ್ರೆ ಒಂದು ಕಾಯಿ ನಿಲ್ಲಲ್ಲ."

"ಗೊತ್ತು. ಅದಕ್ಕೇ ಬಾಯಲ್ಲಿ ಮಾತು ಬರ್ತಿಲ್ಲ ನಂಗೆ."

ಒಳಗಿನಿಂದ ವೆಂಕಮ್ಮ ಕೂಗಿದರು. "ಬರ್ದೆ ಇದ್ರೆ ಬಿಡು ಪರಮೇಶ್ವರ. ಕಾಫಿ ಕುಡಿ."

ಅವರು ಕಾಫಿ ಕುಡಿದು ಹೋದರು. ಶಾಂಭವಿಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಸುಲಭವಿತ್ತು. ದೇವರ ಹಳ್ಳ, ದೇವರ ಪೂಜೆ. ಬೇಡವೆನ್ನಲು ತಾನು ಯಾರು ಎಂದು ಒಂದು ಮನಸ್ಸು. ಹೂವಿನ ಬುಡದಲ್ಲಿ ಬೆರಳಷ್ಟೇ ಗಾತ್ರದಲ್ಲಿ ಕಾಣುವ ಎಳೆ ಮೊಗೆಕಾಯಿಗಳ ಮೇಲೆ ಇನ್ನೊಂದು ಮನಸ್ಸು. ಇವೆರಡರ ನಡುವೆ ಮೂರನೆಯದೊಂದು ಪ್ರಶ್ನೆ ತಲೆಯೆತ್ತಿತು. ಹಳ್ಳದಲ್ಲಿ ನೀರು ಎಷ್ಟಿದೆಯೆಂದು ಊರಿನ ಪ್ರತಿಯೊಬ್ಬರಿಗೂ ಗೊತ್ತು. ಕಟ್ಟದ ಕಲ್ಲಿನ ಮೇಲೆ ಗೆರೆ ಕೊರೆದಿದೆ. ಆದರೆ ಆ ನೀರಿನಿಂದ ಹುಟ್ಟಿದ ಕರೆಂಟು ಎಲ್ಲಿ ಹೋಗುತ್ತದೆ? ಗರ್ಭಗುಡಿಯಲ್ಲಿ ಉರಿಯುವುದು ಎಣ್ಣೆಯ ದೀಪ. ಹೊರಗೆ ಇರುವುದು ಎರಡು ಬಲ್ಬು. ಊರೆಲ್ಲ ಮಲಗಿ, ಒಬ್ಬರೂ ಫೋನು ಮುಟ್ಟದ ಹೊತ್ತಿನಲ್ಲಿ ಬ್ಯಾಟರಿಯನ್ನು ಕುಡಿಯುವವರು ಯಾರು?

ಮರುದಿನ ಬೆಳಿಗ್ಗೆ ಅವಳು ದೇವರಿಗೆ ಹೂ ಕೊಯ್ಯಲು ಹೊರಟಾಗ ವೆಂಕಮ್ಮ ಬಾಗಿಲಲ್ಲಿ ನಿಂತಿದ್ದರು.

"ಬೆಕ್ಕು ಎಲ್ಲಾದ್ರೂ ಕಂಡ್ರೆ ಕರ್ಕೊಂಡು ಬಾರೆ. ಒಂದು ವಾರದಿಂದ ಒಲೆ ಬುಡ ಬಿಟ್ಟು ಹೋಗ್ತಾ ಇದೆ. ಈ ಚಳಿಲಿ ಒಲೆಗಿಂತ ಚೆನ್ನಾಗಿರೋ ಜಾಗ ಯಾವುದು ಸಿಕ್ತೋ ಅದಕ್ಕೆ."

"ಒಲೆ ಬುಡ ನೀವೇ ಹಿಡ್ಕೊಂಡಿದೀರಿ. ಅದು ಎಲ್ಲಿ ಮಲಗ್ಬೇಕು?"

"ಬೆಕ್ಕಿನ ಕಡೆ ಮಾತಾಡು ಮತ್ತೆ."

ಮಂಜು ಇನ್ನೂ ನೆಲ ಬಿಟ್ಟಿರಲಿಲ್ಲ. ದಾಸವಾಳ ಕೊಯ್ಯುತ್ತ ಸಾಲಿನುದ್ದಕ್ಕೂ ನಡೆದವಳಿಗೆ ಸತೀಶನ ಮನೆಯ ಮುಂದೆ ಬೆಕ್ಕು ಕಂಡಿತು. ಬೀಗ ಹಾಕಿದ ಮನೆಯ ಜಗಲಿಯ ಹಲಗೆಯ ಮೇಲೆ, ಬಿಳಿ ಡಬ್ಬಿಯನ್ನು ಹೊಟ್ಟೆಯಡಿ ಇಟ್ಟುಕೊಂಡು, ಕಣ್ಣು ಮುಚ್ಚಿ, ಬಹಳ ತೃಪ್ತಿಯಿಂದ ಮಲಗಿತ್ತು. ಎತ್ತಲು ಹೋದಾಗ ಅವಳ ಕೈ ಡಬ್ಬಿಗೆ ತಗುಲಿತು. ಬೆಚ್ಚಗಿತ್ತು. ಬೆಕ್ಕಿನ ಬಿಸಿಯಿರಬೇಕೆಂದು ಸ್ವಲ್ಪ ಹೊತ್ತು ಕಾದಳು. ಬಿಸಿ ಆರಲಿಲ್ಲ. ಡಬ್ಬಿಯ ಮೂಲೆಯಲ್ಲಿ ಸಾಸಿವೆಯಷ್ಟು ಹಸಿರು ದೀಪ ಮಿಟುಕಿತು, ನಿಂತಿತು, ಮತ್ತೆ ಮಿಟುಕಿತು.

ಶಾಂಭವಿ ಹೂವಿನ ಬುಟ್ಟಿಯನ್ನು ಕೆಳಗಿಟ್ಟಳು. ಸತೀಶ ಬೀಗ ಹಾಕುವ ಮೊದಲು ಮೀಟರಿನ ಹತ್ತಿರದ ಮೇನ್ ಕೆಳಗಿಳಿಸಿ ಹೋಗುವುದನ್ನು ಅವಳೇ ನೋಡಿದ್ದಳು. ಕತ್ತೆತ್ತಿ ನೋಡಿದಳು, ಈಗಲೂ ಇಳಿದೇ ಇತ್ತು. ಮನೆಯಲ್ಲಿ ಕರೆಂಟಿಲ್ಲ, ಜನವಿಲ್ಲ. ಡಬ್ಬಿಗೆ ಉಸಿರು ಎಲ್ಲಿಂದ?

ಪಕ್ಕದ ಬೀಗದ ಮನೆಗೆ ಹೋಗಿ ನೋಡಿದಳು. ಅಲ್ಲಿಯೂ ಹಸಿರು. ಐದಕ್ಕೆ ಐದೂ ಬೆಚ್ಚಗೆ. ಡಬ್ಬಿಗೆ ಬಂದ ತಂತಿ ಒಂದೇ, ದೇವಸ್ಥಾನದ ಕಡೆಯಿಂದ ಬಂದದ್ದು. ಅದನ್ನು ಬೆರಳಲ್ಲಿ ಹಿಡಿದು, ಕಾಲುವೆಯ ಜಾಡು ಹಿಡಿದವಳ ಹಾಗೆ, ಉಗ್ರಾಣದ ಬಾಗಿಲವರೆಗೂ ನಡೆದಳು. ಆ ದಿನ ಈಶ್ವರನಿಗೆ ಹೂ ತಲುಪಿದ್ದು ತುಸು ತಡವಾಗಿ.

ಸ್ವಿಚ್ಚು ಕೂರಿಸಿದವಳು ಕೊಪ್ಪದ ಚೇತನಾ. ಇಪ್ಪತ್ತಾರು ಇಪ್ಪತ್ತೇಳರ ಹುಡುಗಿ, ಮೂರು ತಾಲ್ಲೂಕಿನ ಕಾಡುದಾರಿಗಳಲ್ಲಿ ಸ್ಕೂಟರಿನ ಮೇಲೆ ತಂತಿಯ ಸುರುಳಿ ಹೊತ್ತು ಓಡಾಡುವವಳು. ಶಾಂಭವಿ ಪೆಟ್ಟಿಗೆಯ ಮೇಲೆ ಅಂಟಿಸಿದ್ದ ನಂಬರಿಗೆ ಫೋನು ಮಾಡಿದಳು.

"ನೆಟ್ಟು ಬರ್ತಿಲ್ವಾ ಅಕ್ಕ?"

"ಬರ್ತಿದೆ. ಆದ್ರೆ ಅದು ಎಷ್ಟು ಕರೆಂಟು ತಿನ್ನುತ್ತೆ ಅಂತ ನೋಡ್ಬೇಕಿತ್ತು."

"ಇದುವರೆಗೆ ಯಾರೂ ಕೇಳಿರ್ಲಿಲ್ಲ ಅಕ್ಕ ನನ್ನ ಹತ್ರ. ನಾಳೆ ನರಸಿಂಹರಾಜಪುರಕ್ಕೆ ಹೋಗೋದಿತ್ತು. ಅದನ್ನ ಶನಿವಾರಕ್ಕೆ ಹಾಕ್ತೀನಿ. ಬರ್ತೀನಿ."

ಶುಕ್ರವಾರ ಶಾಂಭವಿ ತನ್ನ ಸರದಿಯ ನೀರು ತಿರುಗಿಸಿ ಬರುವ ಹೊತ್ತಿಗೆ ಚೇತನಾ ಉಗ್ರಾಣದಲ್ಲಿ ಚಕ್ಕಳಮಕ್ಕಳ ಹಾಕಿ ಕೂತಿದ್ದಳು. ಗೋಡೆಯ ಪ್ಲಗ್ಗಿಗೂ ಸ್ವಿಚ್ಚಿನ ತಂತಿಗೂ ನಡುವೆ ಅಂಗೈಯಷ್ಟು ಅಗಲದ ಒಂದು ಮೀಟರು ಸಿಕ್ಕಿಸಿದ್ದಳು. ವೆಂಕಮ್ಮನೂ ಕೋಲೂರಿಕೊಂಡು ಬಂದರು. ಕರೆಂಟು ತೂಗುವುದನ್ನು ಎಂಬತ್ತು ವರ್ಷದಲ್ಲಿ ನೋಡಿರಲಿಲ್ಲವಂತೆ.

ಮೀಟರಿನಲ್ಲಿ ನೂರ ಎರಡು ಎಂದು ತೋರಿಸುತ್ತಿತ್ತು.

"ನೂರ ಎರಡು ವ್ಯಾಟು," ಎಂದಳು ಚೇತನಾ. "ನಿಮ್ಮ ಯಂತ್ರ ಈಗ ಹುಟ್ಟಿಸ್ತಾ ಇರೋದು ಎಷ್ಟು ಗೊತ್ತಾ? ನೀರು ಪೂರಾ ಇದ್ದಾಗ ನೂರ ನಲವತ್ತು. ನಿಮ್ಮ ಸರದಿ ಹೊತ್ತಲ್ಲಿ ಅರವತ್ತು. ರಾತ್ರಿ ಬಲ್ಬೂ ಸೇರಿದ್ರೆ ನೂರ ನಲವತ್ತೂ ಸಾಲಲ್ಲ, ಹಗಲು ಉಳಿದದ್ದನ್ನೇ ತಿನ್ಬೇಕು; ನಿಮ್ಮ ಸರದಿ ದಿನ ಹಗಲು ಏನೂ ಉಳಿಯಲ್ಲ."

"ಈಗ ಯಾರೂ ನೋಡ್ತಾ ಇಲ್ವಲ್ಲೇ. ಎಲ್ಲರೂ ಗದ್ದೆ ತೋಟದಲ್ಲಿದಾರೆ. ಹಂಗಾರೆ ಯಾರಾದ್ರೂ ನೋಡಿದ್ರೆ ಇನ್ನೂ ಏರುತ್ತಾ?" ಎಂದಳು ಶಾಂಭವಿ.

"ನೀವೇ ನೋಡಿ. ಅಜ್ಜಿ, ನಿಮ್ಮ ಫೋನಲ್ಲಿ ಎಂತಾದ್ರೂ ಹಾಕಿ."

ವೆಂಕಮ್ಮ ತಾಳಮದ್ದಳೆಯೊಂದನ್ನು ಹಚ್ಚಿದರು. ಶಾಂಭವಿ ತನ್ನ ಫೋನಿನಲ್ಲಿ, ಚೇತನಾ ಲ್ಯಾಪ್‌ಟಾಪಿನಲ್ಲಿ. ಉಗ್ರಾಣದಲ್ಲಿ ಮೂರು ಕಡೆಯಿಂದ ಮದ್ದಳೆ ಬಡಿಯಿತು. ಮೀಟರು ನೂರ ಮೂರು ತೋರಿಸಿತು. ಆಮೇಲೆ ಅದೂ ಬೇಡವೆನಿಸಿದಂತೆ ನೂರ ಎರಡಕ್ಕೆ ಇಳಿಯಿತು.

ಶಾಂಭವಿ ಮೀಟರಿನ ಮುಂದೆ ಬಗ್ಗಿ ಕೂತಳು. ಮದ್ದಳೆ ನಿಲ್ಲಿಸಿದರೂ ಅಷ್ಟೇ, ಬಾರಿಸಿದರೂ ಅಷ್ಟೇ. "ಕೆಲಸ ಮಾಡಿದ್ರೂ ಅಷ್ಟೇ ಊಟ, ಸುಮ್ನೆ ಕೂತ್ರೂ ಅಷ್ಟೇ ಊಟವಾ?"

"ನಮ್ಮನೆ ಸೊಸೆ ಹಂಗಲ್ಲ," ಎಂದರು ವೆಂಕಮ್ಮ ಚೇತನಾ ಕಡೆಗೆ ತಿರುಗಿ. "ಕೆಲಸ ಮಾಡಿದ್ರೂ ಉಣ್ಣಲ್ಲ."

ಚೇತನಾ ನಕ್ಕಳು. "ಸ್ವಿಚ್ಚು ಬಾಗಿಲು ಕಾಯೋನ ಹಂಗೆ ಅಕ್ಕ. ಯಾರೂ ಬರ್ದೆ ಇದ್ರೂ ಎಚ್ಚರ ಇರ್ಬೇಕು. ಬಂದವರು ಹೆಚ್ಚಾದ್ರೆ ಅವನಿಗೆ ದಣಿವೇನೂ ಹೆಚ್ಚಲ್ಲ. ಅವನ ಹೊಟ್ಟೆಗೆ ಮೂವತ್ತು ವ್ಯಾಟು ಸಾಕು."

"ಉಳಿದ ಎಪ್ಪತ್ತೆರಡು?"

ಚೇತನಾ ಒಂದು ತಂತಿಯನ್ನು ಕಿತ್ತಳು. ಮೀಟರು ತೊಂಬತ್ತಾರಕ್ಕೆ ಇಳಿಯಿತು. ಇನ್ನೊಂದು ಕಿತ್ತಳು. ತೊಂಬತ್ತು. ಎರಡನ್ನೂ ಮತ್ತೆ ಸಿಕ್ಕಿಸಿದಳು, ತುಸು ತಡೆದು ಅಂಕಿ ಮೇಲೇರಿತು.

"ಒಂದೊಂದು ಡಬ್ಬಿಗೆ ಆರು. ಡಬ್ಬಿಗೆ ಮನೆ ಕರೆಂಟು ಕೊಟ್ಟಿಲ್ಲ ಅಕ್ಕ. ಕಂಬದ ಕರೆಂಟು ಹೋದ್ರೂ ನೆಟ್ಟು ನಿಲ್ಬಾರ್ದು ಅಂತ ಈ ತಂತಿಲೇ ಅದರ ಊಟನೂ ಹೋಗೋ ಹಂಗೆ ಮಾಡಿದ್ದು. ಸುದ್ದಿನೂ ಇದ್ರಲ್ಲೇ, ಅನ್ನನೂ ಇದ್ರಲ್ಲೇ."

ಶಾಂಭವಿಗೆ ಬೆಕ್ಕಿನ ಮುಖ ನೆನಪಾಯಿತು. ಬೆರಳು ಮಡಚಿ ಎಣಿಸಿದಳು. ಐದು ಬೀಗದ ಮನೆ. ಐದಾರಲೆ ಮೂವತ್ತು. ಅಂದರೆ ತನ್ನ ಮೊಗೆಕಾಯಿಯ ಮೇಲೆ ಬಂದ ಮಾತೆಲ್ಲ ಯಾರೂ ಕೂರದ ಐದು ಜಗಲಿಗಳಲ್ಲಿ ಹಸಿರಾಗಿ ಮಿಟುಕುತ್ತಿತ್ತು.

"ಬೀಗದ ಮನೆಗೂ ಎಂತಕ್ಕೆ ಹಾಕಿದ್ದೆ ಕೂಸೆ?" ಎಂದು ವೆಂಕಮ್ಮ ಕೇಳಿದರು.

"ನಾನು ಏಳೇ ಸಾಕು ಅಂದೆ ಅಜ್ಜಿ. ಪರಮೇಶ್ವರಯ್ಯನೋರು ಒಪ್ಲಿಲ್ಲ. ನಮ್ಮೂರಲ್ಲಿ ಯಾರ ಪಾಲೂ ತಪ್ಪೋ ಹಂಗಿಲ್ಲ, ಹನ್ನೆರಡಕ್ಕೂ ಎಳಿ ಅಂದ್ರು. ಬೇರೆ ಯಾವ ಊರಲ್ಲೂ ನಾನು ಖಾಲಿ ಮನೆಗೆ ಡಬ್ಬಿ ಹಾಕಿದ್ದಿಲ್ಲ."

ಪರಮೇಶ್ವರಯ್ಯ ಹೇಳಿದ್ದರಲ್ಲಿ ಶಾಂಭವಿಗೆ ತಪ್ಪು ಕಾಣಲಿಲ್ಲ. ಅವಳು ಅಲ್ಲಿದ್ದಿದ್ದರೆ ಅದನ್ನೇ ಹೇಳುತ್ತಿದ್ದಳು. ಅದೇ ಅವಳಿಗೆ ಚಿಂತೆಯಾಯಿತು. ಲೆಕ್ಕ ಸಿಕ್ಕಿತ್ತು. ಆದರೆ ಅವರ ತಂತಿ ಕೀಳಿ ಎಂದು ಭಾನುವಾರ ಬಾಯಿಬಿಟ್ಟು ಹೇಳಿದರೆ, ತನ್ನ ಸರದಿ ಉಳಿಸಿಕೊಳ್ಳಲು ಇನ್ನೊಬ್ಬರ ಪಾಲಿಗೆ ಕೈ ಹಾಕಿದಳು ಎಂದಾಗುತ್ತದೆ. ಬೀಗದ ಮನೆಯ ಪಾಲಿಗೆ ಗಂಟೆಕೊಡಿಗೆಯಲ್ಲಿ ಯಾರೂ ಕೈ ಹಾಕಿದ್ದಿಲ್ಲ.

ಎರಡು ದಿನ ಅದನ್ನೇ ಮನಸ್ಸಿನಲ್ಲಿ ತಿರುವಿ ಹಾಕಿದಳು. ಶನಿವಾರ ಬೆಳಿಗ್ಗೆ ಪೂಜೆ ಮತ್ತೆ ಕಪ್ಪಾಯಿತು. ಅಂದು ಮಧ್ಯಾಹ್ನ ಕೊಪ್ಪದಲ್ಲಿರುವವರ ಬೀಗದ ಮನೆಯ ಸರದಿ. ನೀರು ತಿರುಗಿಸುವ ಕೆಲಸ ಅವಳದು. ಮಣ್ಣು ಸರಿಸಿದಳು. ನೀರು ಒಣ ಎಲೆಗಳನ್ನು ತಳ್ಳಿಕೊಂಡು ಹೋಗಿ ತೆಂಗಿನ ಬುಡದಲ್ಲಿ ಇಂಗಿತು. ಅವಳು ಅದನ್ನೇ ನೋಡುತ್ತ ಬಹಳ ಹೊತ್ತು ನಿಂತಳು.

ಭಾನುವಾರ ದೇವಸ್ಥಾನದ ಅಂಗಳದಲ್ಲಿ ಏಳು ಮನೆಯವರೂ ಕೂತರು. ಸತೀಶನನ್ನು ಪರಮೇಶ್ವರಯ್ಯ ಫೋನಿನಲ್ಲಿ ಕರೆದು ತುಳಸಿಕಟ್ಟೆಗೆ ಒರಗಿಸಿ ಇಟ್ಟಿದ್ದರು. ಅವನ ಅರ್ಧ ಮುಖ ಮಾತ್ರ ಕಾಣುತ್ತಿತ್ತು. ಶಾಂಭವಿ ಕಂಡದ್ದನ್ನೆಲ್ಲ ಹೇಳಿದಳು: ಬೆಕ್ಕು, ಬೆಚ್ಚಗಿನ ಡಬ್ಬಿ, ಮೀಟರು, ಮದ್ದಳೆ. ಮೂವತ್ತು ವ್ಯಾಟು ಉಳಿದರೆ ತನ್ನ ಸರದಿಯ ದಿನವೂ ಬ್ಯಾಟರಿ ಬರಿದಾಗುವುದಿಲ್ಲವೆಂದು ಚೇತನಾ ಬರೆದುಕೊಟ್ಟ ಚೀಟಿ ತೋರಿಸಿದಳು.

ಫೋನಿನಿಂದ ಸತೀಶನ ದನಿ ಬಂತು.

"ಅಂದ್ರೆ, ನಾನು ಇಲ್ಲಿ ಪೂಜೆ ಕಾಣ್ಲಿಲ್ಲ ಅಂತ ಬೈತಾ ಇದ್ದಾಗ, ಅದನ್ನ ನಿಲ್ಸಿದ್ದು ನನ್ನ ಮನೆನೇನಾ?"

"ನಿನ್ನ ಮನೆ ಅಲ್ಲ ಮಾರಾಯ, ನಿನ್ನ ಡಬ್ಬಿ," ಎಂದರು ವೆಂಕಮ್ಮ. "ನಮ್ಮ ಬೆಕ್ಕು ಮಾತ್ರ ನಿನ್ನ ಉಪಕಾರ ಮರೆಯಲ್ಲ."

ಅಂಗಳ ನಕ್ಕಿತು. ಪರಮೇಶ್ವರಯ್ಯ ನಗಲಿಲ್ಲ. "ಲೆಕ್ಕ ನಂಗೆ ಅರ್ಥ ಆಯ್ತು ಶಾಂಭವಿ. ಆದ್ರೆ ಪಾಲು ಅಂತ ಒಂದಿದೆಯಲ್ಲ. ಬೀಗ ಬಿದ್ದ ಮನೆಗೂ ನಾವು ನೀರು ಬಿಡ್ತೀವಾ ಇಲ್ವಾ? ನಿನ್ನೆ ನೀನೇ ಬಿಟ್ಟು ಬಂದಿದೀಯ. ಇದನ್ನ ಹೆಂಗೆ ಕೀಳೋದು?"

"ನೀರು ಬಿಟ್ಟದ್ದು ತೆಂಗಿನ ಬುಡಕ್ಕೆ ಮಾವಯ್ಯ." ಶಾಂಭವಿ ನಿಧಾನಕ್ಕೆ ಹೇಳಿದಳು. "ಮನೆಗೆ ಬೀಗ ಬಿದ್ರೂ ಮರಕ್ಕೆ ಬಾಯಾರಿಕೆ ಇರುತ್ತೆ. ಆದ್ರೆ ಅವರ ಹಿತ್ತಲ ಬಚ್ಚಲ ಹಂಡೆಗೆ ದಿನಾ ನೀರು ತುಂಬಿ, ಬೆಂಕಿ ಹಾಕಿ, ಬಿಸಿ ಮಾಡಿ ಇಡ್ತೀವಾ? ಇಲ್ಲ. ಬರ್ತೀವಿ ಅಂತ ಸುದ್ದಿ ಬಂದ ದಿನ ತುಂಬ್ತೀವಿ. ಅವರು ಬೀಗ ತೆಗೆಯೋದ್ರೊಳಗೆ ಬಿಸಿನೀರು ಕಾದಿರುತ್ತೆ. ಅದೂ ನಮ್ಮೂರಿನ ಕಟ್ಟಳೆನೇ ಅಲ್ವಾ? ಈ ಡಬ್ಬಿ ಮರ ಅಲ್ಲ, ಹಂಡೆ. ಮೂರು ವರ್ಷದಿಂದ ನಾವು ಬೀಗದ ಮನೆ ಹಂಡೆಗೆ ಬೆಂಕಿ ಹಾಕ್ತಾ ಬಂದಿದೀವಿ."

ಪರಮೇಶ್ವರಯ್ಯ ಗರ್ಭಗುಡಿಯ ಕಡೆ ತಿರುಗಿದರು. ಒಳಗೆ ಎಣ್ಣೆದೀಪ ಅಲುಗದೆ ನಿಂತಿತ್ತು. ಹೆಗಲ ಮೇಲಿನ ಶಲ್ಯವನ್ನು ತೆಗೆದು ಮಡಚಿ ಮತ್ತೆ ಹೆಗಲಿಗೇ ಹಾಕಿಕೊಂಡರು.

"ಹಂಡೆ," ಎಂದರು. "ನಂಗೆ ಇದು ಹೊಳೀಲಿಲ್ಲ ನೋಡು." ಆಮೇಲೆ ಫೋನಿನ ಕಡೆಗೆ ಬಾಗಿ, "ಸತೀಶಾ, ನೀ ಎಂತ ಹೇಳ್ತೀಯ?"

"ನಾನು ಹೇಳೋದೆಂತದು ದೊಡ್ಡಪ್ಪ. ಬರೋ ದಿನ ಹಂಡೆ ಜೊತೆ ಅದನ್ನೂ ಹಚ್ಚಿಡಿ. ಶಾಂಭವಿ ಅತ್ತಿಗೆ, ಮೊಗೆಕಾಯಿ ನಿಂತ್ರೆ ನಂಗೊಂದು ಇಡಿ."

ಅಂದೇ ಐದು ತಂತಿಗಳನ್ನು ಕಿತ್ತರು. ಕೀಳುವ ಮೊದಲು ಪರಮೇಶ್ವರಯ್ಯ ಒಂದೊಂದಕ್ಕೂ ಬಟ್ಟೆಯ ಚೂರು ಕಟ್ಟಿ ಮನೆಯ ಹೆಸರು ಬರೆದರು, ಮರಳಿ ಸಿಕ್ಕಿಸುವಾಗ ಅದಲುಬದಲಾಗಬಾರದೆಂದು. ಚೈತ್ರದಲ್ಲಿ ಹಳ್ಳ ಇನ್ನೂ ಸಣ್ಣಗಾಗುತ್ತದೆ. ಆ ಹೊತ್ತಿಗೆ ಹನ್ನೆರಡು ವ್ಯಾಟಿನ ಸಣ್ಣ ಸ್ವಿಚ್ಚು ತಂದು ಕೂರಿಸುವುದಾಗಿ ಚೇತನಾ ಫೋನಿನಲ್ಲಿ ಮಾತು ಕೊಟ್ಟಳು. ಮಲಗುವ ಹೊತ್ತಿಗೆ ಉಳಿದ ಏಳು ಡಬ್ಬಿಗಳನ್ನೂ ಮಲಗಿಸಬಹುದು ಎಂದಳು. ಅದಕ್ಕೆ ವೆಂಕಮ್ಮನ ತಕರಾರು ಬಂತು. ಚಳಿಯಲ್ಲಿ ಹೆಪ್ಪು ಹಾಕಿದ ಹಾಲಿನ ಪಾತ್ರೆಯನ್ನು ಅವರು ಡಬ್ಬಿಯ ಪಕ್ಕದಲ್ಲೇ ಇಡುತ್ತಿದ್ದರಂತೆ. ಈ ವರ್ಷ ಮೊಸರು ಗಟ್ಟಿಯಾಗಿ ಕೂರುತ್ತಿರುವ ಗುಟ್ಟು ಆಗ ಹೊರಬಿತ್ತು.

"ಅತ್ತೆ, ನಿಮ್ಮ ಮೊಸರಿಗೆ ಆರು ವ್ಯಾಟು," ಎಂದಳು ಶಾಂಭವಿ.

"ಇರ್ಲಿ ಬಿಡು. ಈಶ್ವರನ ನೈವೇದ್ಯಕ್ಕೂ ಅದೇ ಮೊಸರು ತಾನೆ ಹೋಗೋದು."

ಮಂಗಳವಾರ ಶಾಂಭವಿ ತನ್ನ ಸರದಿಯ ನೀರು ತಿರುಗಿಸಿದಳು. ಬುಧವಾರ ನಸುಕಿನಲ್ಲಿ ಉಗ್ರಾಣದ ಮುಂದೆ ಕೈಮುಗಿದು ನಿಂತಳು. ಕೈಮುಗಿದದ್ದು ಯಾರಿಗೆಂದು ಅವಳಿಗೇ ಸ್ಪಷ್ಟವಿರಲಿಲ್ಲ. ಮಂಗಳಾರತಿ ಎದ್ದಿತು, ಗಂಟೆ ಮೊಳಗಿತು, ಸ್ವಿಚ್ಚಿನ ಮೇಲೆ ಏಳು ತಂತಿಗಳ ಹಸಿರು ದೀಪ ಹಾಗೇ ಮಿಟುಕುತ್ತಿದ್ದವು. ಪರಮೇಶ್ವರಯ್ಯನ ಫೋನಿಗೆ ಶಿವಮೊಗ್ಗದಿಂದ ಮೊದಲು ಬಂದದ್ದು ಸತೀಶನ ಕೈಮುಗಿದ ಚಿತ್ರ. ಬೆಕ್ಕು ಎರಡು ದಿನ ತಣ್ಣಗಿನ ಡಬ್ಬಿಯ ಮುಂದೆ ಕೂತು ಮುನಿಸಿಕೊಂಡು, ಮೂರನೆಯ ದಿನ ಒಲೆಯ ಬುಡಕ್ಕೆ ಮರಳಿತು.

ಶಿವರಾತ್ರಿ ಗುರುವಾರ ಬಿದ್ದಿತ್ತು. ಮಂಗಳವಾರ ಮಧ್ಯಾಹ್ನಕ್ಕೆ ಬರುತ್ತೇವೆಂದು ಸತೀಶ ಹಿಂದಿನ ದಿನವೇ ತಿಳಿಸಿದ್ದ. ಶಾಂಭವಿ ಬೆಳಿಗ್ಗೆ ನೀರು ತಿರುಗಿಸಿ, ನೀರು ಮೊದಲ ಸಾಲು ಮುಟ್ಟುವಷ್ಟು ಹೊತ್ತಿನಲ್ಲಿ ಸತೀಶನ ಬಚ್ಚಲಿಗೆ ಹೋಗಿ ಹಂಡೆ ತುಂಬಿಸಿದಳು. ಒಣ ಸೋಗೆ ತುರುಕಿ ಬೆಂಕಿ ಹಚ್ಚಿದಳು. ಆಮೇಲೆ ಉಗ್ರಾಣಕ್ಕೆ ಹೋಗಿ ಸತೀಶನ ಹೆಸರಿನ ಬಟ್ಟೆ ಕಟ್ಟಿದ ತಂತಿಯನ್ನು ಹುಡುಕಿ, ಸ್ವಿಚ್ಚಿನ ಖಾಲಿ ಕಿಂಡಿಗೆ ಸಿಕ್ಕಿಸಿದಳು. ಕಟ್ ಎಂದು ಸಣ್ಣ ಸದ್ದು ಬಂತು.

ವಾಪಸು ಬರುವಾಗ ಸತೀಶನ ಜಗಲಿಯ ಹಲಗೆಯ ಮೇಲೆ ಬೆಕ್ಕು ಆಗಲೇ ಬಂದು ಕೂತಿತ್ತು. ಡಬ್ಬಿ ಬಿಸಿಯಾಗುವುದನ್ನು ಕಾಯುತ್ತಿತ್ತು. ಶಾಂಭವಿ ಪಕ್ಕದಲ್ಲಿ ಒಂದು ಎಳೆ ಮೊಗೆಕಾಯಿ ಇಟ್ಟು, ಎರಡನೆಯ ಸಾಲಿಗೆ ನೀರು ತಿರುಗಿಸಲು ಹೋದಳು.